ಮಾತಿಗೆ ನಿಂತರೆ ಫಸ್ಟ್, ಪೇಪರ್‌ನಲ್ಲಿ ಜಸ್ಟ್ ಪಾಸ್: ಡಿಸ್ಲೆಕ್ಸಿಯಾ ಇರುವ ಪದವಿ ವಿದ್ಯಾರ್ಥಿಗೆ ಕಾಲೇಜು ಏನು ಮಾಡಬಹುದು?

ಪ್ರಶ್ನೆ: ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಿ.ಎ. ಎರಡನೇ ವರ್ಷದ ಒಬ್ಬ ಹುಡುಗಿ ಕ್ಲಾಸಿನಲ್ಲಿ ಕೇಳುವಂಥ ಪ್ರಶ್ನೆಗಳನ್ನು ಎಂ.ಎ. ವಿದ್ಯಾರ್ಥಿಗಳೂ ಕೇಳುವುದಿಲ್ಲ. ಆದರೆ ಅವಳ ಉತ್ತರ ಪತ್ರಿಕೆ ನೋಡಿದರೆ ಬೇರೆ ಯಾರೋ ಬರೆದ ಹಾಗಿರುತ್ತದೆ. ಒತ್ತಕ್ಷರ ತಪ್ಪು, ಪದದ ಮಧ್ಯದ ಅಕ್ಷರವೇ ಮಾಯ, ಆರು ಪ್ರಶ್ನೆಯಲ್ಲಿ ನಾಲ್ಕಕ್ಕೆ ಮಾತ್ರ ಉತ್ತರ. ಇದು ಡಿಸ್ಲೆಕ್ಸಿಯಾ ಇರಬಹುದಾ? ಸಹೋದ್ಯೋಗಿಗಳು ‘ದಿನಾ ಎರಡು ಪುಟ ಕಾಪಿ ಬರೆಸಿ, ಸರಿ ಹೋಗುತ್ತದೆ’ ಅನ್ನುತ್ತಾರೆ. ಅವಳಿಗೊಬ್ಬಳಿಗೆ ರಿಯಾಯಿತಿ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ವಾ? ನನ್ನ ಕೈಯಲ್ಲಿ ಏನು ಮಾಡೋಕಾಗುತ್ತದೆ?

ಉತ್ತರ: ಇರಬಹುದು. ಬುದ್ಧಿ ಚುರುಕಾಗಿದ್ದೂ ಓದು-ಬರಹ ಮಾತ್ರ ಕಷ್ಟವಾಗುವುದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಆದರೆ ಪೇಪರ್ ನೋಡಿ ನೀವು ಹೇಳೋಕಾಗಲ್ಲ, ನಿಮ್ಮ ಪತ್ರ ಓದಿ ನಾನೂ ಹೇಳೋಕಾಗಲ್ಲ. ಅದಕ್ಕೆ ಸರಿಯಾದ ಪರೀಕ್ಷೆ ಆಗಬೇಕು. ಕಾಪಿ ಬರೆಸುವ ವಿಷಯ ಮಾತ್ರ ಈಗಲೇ ಹೇಳಿಬಿಡುತ್ತೇನೆ: ಬೇಡ. ಅವಳು ಒಂದನೇ ಕ್ಲಾಸಿನಿಂದ ಅದನ್ನೇ ಮಾಡಿಕೊಂಡು ಬಂದಿರುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಆಗದ್ದು ಇನ್ನೆರಡು ಪುಟದಲ್ಲಿ ಆಗಲ್ಲ.

ನೀವು ವಿವರಿಸಿದ ಚಿತ್ರ ಹೊಸದೇನಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನುವ ಇಂಗ್ಲಿಷ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ ಹದಿನಾಲ್ಕರ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ. ಆದರೆ ತನ್ನ ಹೆಸರನ್ನೇ ‘ಪ್ರೆಸಿ’ ಅಂತ ಬರೆದ, ತಪ್ಪಾಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಮೊದಲಿಗ ಆಗಿರುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದರು. ನಿಮ್ಮ ಪತ್ರದಲ್ಲಿರುವುದೂ ಹೆಚ್ಚುಕಮ್ಮಿ ಇದೇ ಮಾತು.

ಇಲ್ಲಿ ಒಂದು ತೊಡಕು ಇದೆ. ಡಿಸ್ಲೆಕ್ಸಿಯಾ ಬಗ್ಗೆ ನಾವು ಓದುವುದೆಲ್ಲ ಬಹುತೇಕ ಇಂಗ್ಲಿಷ್ ಓದುವ ಮಕ್ಕಳ ಬಗ್ಗೆ. ಕನ್ನಡದಲ್ಲಿ ಅದು ಬೇರೆ ಥರ ಕಾಣುತ್ತದೆ. ನಮ್ಮ ಲಿಪಿಯಲ್ಲಿ ಬರೆದ ಹಾಗೇ ಓದುತ್ತೇವೆ. ಹಾಗಾಗಿ ಡಿಸ್ಲೆಕ್ಸಿಯಾ ಇರುವ ಮಗುವೂ ಕೂಡಿಸಿಕೊಂಡು, ಎಳೆದುಕೊಂಡು, ಕೊನೆಗೆ ಸರಿಯಾಗಿಯೇ ಓದುತ್ತದೆ. ತಪ್ಪು ಕಮ್ಮಿ, ಆದರೆ ನಿಧಾನ. ಆ ನಿಧಾನವನ್ನು ಶಾಲೆಯಲ್ಲಿ ಯಾರೂ ಅಳೆಯುವುದಿಲ್ಲ. ಗೈಡ್ ಬಾಯಿಪಾಠ ಮಾಡಿ ಎಸ್‌ಎಸ್‌ಎಲ್‌ಸಿ ದಾಟಬಹುದು, ಪಿಯುಸಿಯನ್ನೂ ದಾಟಬಹುದು. ಪದವಿಗೆ ಬಂದಾಗ ಓದಬೇಕಾದ್ದು ಒಮ್ಮೆಲೇ ಮೂರು ಪಟ್ಟು ಆಗುತ್ತದೆ. ಆಗ ಬಂಡಿ ನಿಲ್ಲುತ್ತದೆ. ಹತ್ತೊಂಬತ್ತು ವರ್ಷದವರೆಗೆ ಗೊತ್ತಾಗದೆ ಇದ್ದದ್ದು ಈಗ ಹೇಗೆ ಬಂತು ಅಂತ ಕೆಲವರು ಕೇಳುತ್ತಾರೆ. ಬಂದಿದ್ದಲ್ಲ, ಹುಟ್ಟಿನಿಂದ ಇತ್ತು. ಮುಚ್ಚಿಕೊಂಡಿತ್ತು ಅಷ್ಟೇ.

ಬರವಣಿಗೆಯಲ್ಲಿ ಏನು ನೋಡಬೇಕು ಅನ್ನುವುದು ಮುಖ್ಯ, ಯಾಕೆಂದರೆ ಇಲ್ಲೇ ಜಾಸ್ತಿ ಎಡವುತ್ತೇವೆ. ‘ಭಾರತ’ ‘ಬಾರತ’ ಆಗುವುದು, ‘ಹಾಲು’ ‘ಆಲು’ ಆಗುವುದು, ಶ-ಷ-ಸ ಅದಲುಬದಲಾಗುವುದು: ಇವು ಡಿಸ್ಲೆಕ್ಸಿಯಾದ ಗುರುತಲ್ಲ. ಮನೆಯಲ್ಲಿ ಆಡುವ ಹಾಗೆ ಬರೆದಿದ್ದಾರೆ, ಅಷ್ಟೇ. ಮಂಡ್ಯ, ಕೋಲಾರದ ಕಡೆಯ ಅರ್ಧ ಕ್ಲಾಸು ‘ಧನ ಸಂಪತ್ತು’ ಬರೆಯುವ ಕಡೆ ‘ದನ ಸಂಪತ್ತು’ ಅಂತ ಬರೆಯಬಹುದು. ದನವೂ ಸಂಪತ್ತೇ, ಬಿಡಿ. ಮನೆಯಲ್ಲಿ ಉರ್ದು, ತುಳು, ಲಂಬಾಣಿ ಮಾತಾಡುವ ಮಕ್ಕಳ ತಪ್ಪುಗಳಿಗೂ ಅವುಗಳದ್ದೇ ಒಂದು ಜಾಡು ಇರುತ್ತದೆ. ಆ ತಪ್ಪುಗಳಲ್ಲಿ ಒಂದು ನಿಯಮ ಕಾಣುತ್ತದೆ. ಒಂದು ಸಲ ‘ಬಾರತ’ ಬರೆದವರು ಪೇಪರ್ ಪೂರ್ತಿ ‘ಬಾರತ’ವನ್ನೇ ಬರೆಯುತ್ತಾರೆ.

ಡಿಸ್ಲೆಕ್ಸಿಯಾದಲ್ಲಿ ಆ ನಿಯಮ ಕಾಣುವುದಿಲ್ಲ. ಒಂದೇ ಪುಟದಲ್ಲಿ ‘ಸಾಮ್ರಾಜ್ಯ’ ಒಮ್ಮೆ ‘ಸಾರ್ಮಾಜ್ಯ’, ಇನ್ನೊಮ್ಮೆ ‘ಸಾಮಾಜ್ರ’, ಮೂರನೇ ಸಲ ಸರಿಯಾಗಿಯೇ ಇರಬಹುದು. ಒತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಉದ್ದ ಪದದ ನಡುವಿನ ಅಕ್ಷರ ಬಿದ್ದುಹೋಗಿರುತ್ತದೆ. ಬೋರ್ಡ್ ನೋಡಿ ಬರೆದುಕೊಂಡದ್ದರಲ್ಲೂ ತಪ್ಪಿರುತ್ತದೆ. ನಮ್ಮ ಮೂಲಾಕ್ಷರ ಐವತ್ತರ ಹತ್ತಿರ, ಆದರೆ ಗುಣಿತ-ಒತ್ತು ಸೇರಿದರೆ ಕಲಿಯಬೇಕಾದ ರೂಪಗಳು ನಾನೂರು ದಾಟುತ್ತವೆ. ಅಕ್ಷರ ಕಲಿಕೆ ಎರಡನೇ ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತದೆ ಅಂತ ಕನ್ನಡ ಶಾಲೆಗಳಲ್ಲಿ ಸಂಶೋಧಕಿ ಸೊನಾಲಿ ನಾಗ್ ನಡೆಸಿದ ಅಧ್ಯಯನಗಳು ತೋರಿಸಿವೆ. ಎಲ್ಲ ಮಕ್ಕಳಿಗೂ ಅಷ್ಟು ಕಾಲ ಬೇಕು. ಡಿಸ್ಲೆಕ್ಸಿಯಾ ಇದ್ದವರಿಗೆ ಆ ಒತ್ತಕ್ಷರಗಳು ಪದವಿಗೆ ಬಂದರೂ ಪೂರ್ತಿ ಕೈವಶ ಆಗಿರುವುದಿಲ್ಲ. ಕನ್ನಡ ಓದು ಹೇಗೋ ನಡೆಯುತ್ತಿದ್ದರೂ ಇಂಗ್ಲಿಷ್ ಪೂರ್ತಿ ಕುಸಿದಿರುವುದೂ ಉಂಟು. ಹಾಗಂತ ಇಂಗ್ಲಿಷ್ ಬಾರದವರೆಲ್ಲ ಡಿಸ್ಲೆಕ್ಸಿಕ್ ಅಲ್ಲ. ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರೇ ಇರಲಿಲ್ಲ ಅನ್ನುವುದು ಬೇರೆ ಕಥೆ.

ಈಗ ಆ ಹುಡುಗಿಯ ಹತ್ತಿರ ಮಾತಾಡಿ. ಸ್ಟಾಫ್ ರೂಮಿನಲ್ಲಿ ಬೇಡ, ಅಲ್ಲಿ ನಾಲ್ಕು ಕಿವಿ ಇರುತ್ತವೆ. ‘ನಿನಗೆ ಡಿಸ್ಲೆಕ್ಸಿಯಾ ಇದೆಯಾ’ ಅಂತ ಶುರು ಮಾಡಬೇಡಿ. ‘ನೀನು ಹೇಳೋದು ಇಷ್ಟು ಚೆನ್ನಾಗಿರುತ್ತೆ, ಪೇಪರ್‌ನಲ್ಲಿ ಅದು ಬರ್ತಿಲ್ಲ. ಬರೆಯುವಾಗ ಏನಾಗುತ್ತೆ?’ ಅಂತ ಕೇಳಿ, ಸುಮ್ನಿರಿ. ಒಂದು ಪುಟ ಓದಲು ಎಷ್ಟು ಹೊತ್ತು ಬೇಕು, ಅರ್ಥ ಆಗಲು ಎಷ್ಟು ಸಲ ಓದಬೇಕು, ಚಿಕ್ಕಂದಿನಲ್ಲಿ ಗಟ್ಟಿಯಾಗಿ ಓದಲು ನಿಲ್ಲಿಸಿದಾಗ ಏನಾಗುತ್ತಿತ್ತು, ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಹೀಗೇ ಇತ್ತಾ: ಇವು ನಿಜವಾಗಿಯೂ ಉಪಯೋಗಕ್ಕೆ ಬರುವ ಪ್ರಶ್ನೆಗಳು. ಕೊನೆಯದು ಯಾಕೆಂದರೆ ಇದು ಕುಟುಂಬದಲ್ಲಿ ಹರಿದು ಬರುವಂಥದ್ದು. ಕಣ್ಣು, ಕಿವಿ ಒಮ್ಮೆ ತೋರಿಸಿಕೊಳ್ಳಲು ಹೇಳಿ. ಇಷ್ಟು ಸರಳ ಕಾರಣವನ್ನು ನೋಡದೆ ದೊಡ್ಡ ಕಾರಣ ಹುಡುಕುವುದು ಬೇಡ. ಅವಳು ‘ನಾನು ದಡ್ಡಿ ಮೇಡಂ’ ಅಂದರೆ ಆಶ್ಚರ್ಯಪಡಬೇಡಿ. ನನ್ನ ಹತ್ತಿರ ಬರುವ ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಹೇಳುವುದೇ ಅದನ್ನು.

ಡಿಸ್ಲೆಕ್ಸಿಯಾ ಇದೆ ಅನ್ನುವ ಸರ್ಟಿಫಿಕೇಟ್ ಬರುವವರೆಗೆ ಕಾಯದೆ ನೀವು ನಾಳೆಯಿಂದಲೇ ಮಾಡಬಹುದಾದ್ದು ಬಹಳ ಇದೆ. ಅವಳು ಓದುವ ವಸ್ತುವಿನಿಂದ ಶುರು ಮಾಡೋಣ, ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮ ಕಾಲೇಜುಗಳು ಜೆರಾಕ್ಸ್ ನೋಟ್ಸ್ ಮೇಲೆ ನಡೆಯುತ್ತವೆ. ಯಾವುದೋ ಬ್ಯಾಚಿನ ಕೈಬರಹದ ನೋಟ್ಸು, ಅದರ ಜೆರಾಕ್ಸಿನ ಜೆರಾಕ್ಸು, ಅದರ ಫೋಟೋ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಡಿಸ್ಲೆಕ್ಸಿಯಾ ಇರುವವರಿಗೆ ಓದಿನ ದೊಡ್ಡ ಆಸರೆ ಕಿವಿ. ಮೊಬೈಲ್ ಓದಿ ಹೇಳಬೇಕು, ಅವರು ಕೇಳಬೇಕು. ಫೋಟೋವನ್ನು ಮೊಬೈಲ್ ಹಾಗೇ ಓದುವುದಿಲ್ಲ. ನೀವು ಕಳಿಸುವ ಪಿಡಿಎಫ್ ತೆರೆದು ಒಂದು ಪದದ ಮೇಲೆ ಬೆರಳೊತ್ತಿ ಹಿಡಿಯಿರಿ. ಪದ ಆಯ್ಕೆಯಾದರೆ ಸರಿ. ಆಗದಿದ್ದರೆ ಅದು ಬರೀ ಚಿತ್ರ.

ಇನ್ನೊಂದು ಕಿತಾಪತಿ ಅಪ್ಪಟ ಕನ್ನಡದ್ದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕಣ್ಣಿಗೆ ಕನ್ನಡ, ಆದರೆ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದನ್ನು ಓದಲು ಹೇಳಿದರೆ ಮೊಬೈಲ್ ಏನೇನೋ ಒದರುತ್ತದೆ. ನಿಮ್ಮ ವಿಭಾಗದ ಹಳೆಯ ನೋಟ್ಸ್, ಪ್ರಶ್ನೆಪತ್ರಿಕೆಗಳು ಹೀಗೇ ಇರುವ ಸಾಧ್ಯತೆ ಜಾಸ್ತಿ. ಈ ಹಳೆಯ ‘ಆಸ್ಕಿ’ ರೂಪದಿಂದ, ಮೊಬೈಲ್ ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಮಧ್ಯಾಹ್ನ ಕೂತರೆ ಒಂದು ಸೆಮಿಸ್ಟರಿನ ನೋಟ್ಸ್ ಮುಗಿಯುತ್ತದೆ. ಅಚ್ಚಾದ ಪುಟದ ಫೋಟೋ ಆದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡವನ್ನೂ ಪರವಾಗಿಲ್ಲ ಅನ್ನುವಷ್ಟು ಹಿಡಿಯುತ್ತದೆ, ಒತ್ತಕ್ಷರಗಳನ್ನು ಒಮ್ಮೆ ನೋಡಿ ತಿದ್ದಬೇಕು. ಕೈಬರಹಕ್ಕೆ ಇದನ್ನು ನಂಬಬೇಡಿ. ಆಮೇಲೆ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನಲ್ಲಿ ಗಟ್ಟಿಯಾಗಿ ಓದಿಸುವ ಸೌಲಭ್ಯ ಇದೆ, ಅದರ ಕನ್ನಡ ಧ್ವನಿ ಕೇಳಲು ಚೆನ್ನಾಗಿದೆ. ಪಠ್ಯಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ತೊಂದರೆ ಅಂತ ಲೈಬ್ರರಿಯವರು ಹೇಳಬಹುದು. 2012ರ ತಿದ್ದುಪಡಿಯ ನಂತರ ಅಂಗವೈಕಲ್ಯ ಇರುವವರ ಓದಿಗಾಗಿ ಅವರಿಗೆ ಬೇಕಾದ ರೂಪದಲ್ಲಿ ಪ್ರತಿ ಮಾಡಿಕೊಡಲು ಕಾಪಿರೈಟ್ ಕಾಯ್ದೆಯೇ ಅವಕಾಶ ಕೊಟ್ಟಿದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಇದೆ. ದೃಷ್ಟಿದೋಷ ಇರುವವರ ಜೊತೆಗೆ ಡಿಸ್ಲೆಕ್ಸಿಯಾ ಇರುವವರೂ ಅದರ ಸದಸ್ಯರಾಗಬಹುದು.

ಬರವಣಿಗೆಗೂ ಕಿವಿಯೇ ದಾರಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಬಿ.ಎ. ಹುಡುಗ ಅಸೈನ್‌ಮೆಂಟ್ ಮಾಡುತ್ತಿದ್ದ ರೀತಿ ಹೇಳುತ್ತೇನೆ. ಮೊದಲು ರೈತವಾರಿ ಪದ್ಧತಿ ಅಂದರೇನು ಅಂತ ಗೆಳೆಯನಿಗೆ ಹೇಳುವ ಹಾಗೆ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡುತ್ತಿದ್ದ. ಅದನ್ನು ಕೇಳಿಕೊಂಡು ನಾಲ್ಕು ಮುಖ್ಯ ಅಂಶ ಗುರುತು ಹಾಕುತ್ತಿದ್ದ, ಪದ ಅಲ್ಲ, ಬಾಣ ಮತ್ತು ಚಿತ್ರ. ಆಮೇಲೆ ಗೂಗಲ್‌ನ ಕೀಲಿಮಣೆ ಜಿಬೋರ್ಡ್‌ನ ಮೈಕ್ ಒತ್ತಿ ಒಂದೊಂದೇ ವಾಕ್ಯ ಹೇಳಿ ಟೈಪ್ ಮಾಡಿಸುತ್ತಿದ್ದ. ಕೊನೆಗೆ ಬರೆದದ್ದನ್ನೆಲ್ಲ ಮೊಬೈಲಿನಿಂದ ಓದಿಸಿ ಕೇಳುತ್ತಿದ್ದ. ಒಂದು ದಿನ ‘ರೈತರು ಸಾಲ ತಿರಿಸಲು’ ಅಂತ ಇದ್ದದ್ದನ್ನು ಮೂರು ಸಲ ಕಣ್ಣಲ್ಲಿ ನೋಡಿದ, ತಪ್ಪು ಕಾಣಲಿಲ್ಲ. ಮೊಬೈಲ್ ಓದಿದ ಕೂಡಲೇ ‘ಏಯ್, ತೀರಿಸಲು’ ಅಂದ. ಕಣ್ಣಿಗೆ ಸಿಗದ ತಪ್ಪು ಕಿವಿಗೆ ಸಿಗುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ಒಂದೇ ಒಂದು ಉಪಾಯ ಹೇಳಿಕೊಡುವುದಿದ್ದರೆ ಇದನ್ನು ಹೇಳಿಕೊಡಿ.

ಕ್ಲಾಸಿನಲ್ಲಿ ಮಾಡಬೇಕಾದ್ದು ಸಣ್ಣ ಸಣ್ಣದ್ದೇ. ಮುಂಚೆ ಹೇಳದೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ. ನೋಟ್ಸನ್ನು ಹಿಂದಿನ ದಿನವೇ ಕಳಿಸಿ. ಡಿಕ್ಟೇಶನ್ ಕೊಡುತ್ತಾ ಪಾಠ ಮಾಡುವ ಅಭ್ಯಾಸ ಇದ್ದರೆ ಅವಳಿಗೆ ರೆಕಾರ್ಡ್ ಮಾಡಿಕೊಳ್ಳಲು ಬಿಡಿ. ಬರೆದುಕೊಳ್ಳುವ ಗಡಿಬಿಡಿಯಲ್ಲಿ ಅವಳಿಗೆ ಪಾಠ ಕೇಳಿಸುವುದೇ ಇಲ್ಲ. ‘ಈ ನಾಲ್ಕು ಪುಸ್ತಕ ಓದಿ’ ಅನ್ನುವ ಬದಲು ‘ಈ ಪುಸ್ತಕದ ಈ ಅಧ್ಯಾಯ ಮೊದಲು’ ಅಂತ ಹೇಳಿ. ಇಂಟರ್ನಲ್ ಅಂಕದ ಒಂದು ಭಾಗಕ್ಕೆ ಮೌಖಿಕ ಪರೀಕ್ಷೆ ಇಡಬಹುದಾ ಅಂತ ವಿಭಾಗದಲ್ಲಿ ಕೇಳಿ. ಒಬ್ಬರಿಗೆ ಅಂತ ಮಾಡಿದ್ದು ಇಡೀ ಕ್ಲಾಸಿಗೆ ಉಪಯೋಗ ಆಗುವುದನ್ನು ನೀವೇ ನೋಡುತ್ತೀರಿ.

ಮೌಲ್ಯಮಾಪನದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಇತಿಹಾಸದ ಉತ್ತರದಲ್ಲಿ ನೀವು ಅಳೆಯುವುದು ವಾದ, ಸಾಕ್ಷ್ಯ, ಕಾರಣ. ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಪೇಪರ್ ತುಂಬ ಕೆಂಪು ಶಾಯಿ ಸುರಿಯುವುದೂ ಬೇಡ, ಎರಡು ಮೂರು ಮುಖ್ಯ ಪದ ತಿದ್ದಿದರೆ ಸಾಕು. ಆದರೆ ಐಚ್ಛಿಕ ಕನ್ನಡದ ಛಂದಸ್ಸಿನ ಪ್ರಶ್ನೆಯಲ್ಲಿ, ನರ್ಸಿಂಗ್ ವಿದ್ಯಾರ್ಥಿ ಔಷಧದ ಹೆಸರು ಬರೆಯುವಲ್ಲಿ, ಕಾಗುಣಿತವೇ ವಿಷಯ. ಅಲ್ಲಿ ರಿಯಾಯಿತಿ ಕೊಟ್ಟರೆ ಅವರಿಗೇ ನಷ್ಟ. ವಾದ ಸೊರಗಿದ್ದರೆ ಇವಳಿಗೂ ಕಮ್ಮಿ ಅಂಕ ಕೊಡಿ. ಪಾಪ ಅಂತ ಕೊಡುವ ಅಂಕ ಅವಳಿಗೂ ಗೊತ್ತಾಗುತ್ತದೆ.

ವಿಶ್ವವಿದ್ಯಾಲಯದ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ, ಅಲ್ಲಿಗೆ ಕಾಗದ, ಅಂದರೆ ಪ್ರಮಾಣಪತ್ರ ಬೇಕು. ವಿಕಲಚೇತನರ ಬಗೆಗಿನ 1995ರ ಹಳೆಯ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದ ಸುದ್ದಿಯೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು, ಡಿಸ್ಲೆಕ್ಸಿಯಾ ಒಳಗೊಂಡ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಅದರಲ್ಲಿ ಸೇರಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ಇವುಗಳನ್ನು 17ನೇ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. ನ್ಯೂನತೆ 40% ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಕನಿಷ್ಠ 5% ಮೀಸಲಾತಿಯ ಪಾಲೂ ಇದೆ. ಅಂದರೆ ಅವಳು ಎಂ.ಎ.ಗೆ ಹೋಗುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಎಸ್‌ಎಸ್‌ಎಲ್‌ಸಿ ಸಮಯದಲ್ಲಿ ಏನಾದರೂ ಪ್ರಮಾಣಪತ್ರ ಮಾಡಿಸಿದ್ದರಾ ಅಂತ ಮೊದಲು ಕೇಳಿ. ಇದ್ದರೂ 18 ತುಂಬಿದ ಮೇಲೆ ಮತ್ತೆ ಮಾಡಿಸಬೇಕಾಗುತ್ತದೆ. ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಅರ್ಜಿಯನ್ನು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಸರದಿ ಉದ್ದ ಇರುತ್ತದೆ, ಹಾಗಾಗಿ ಪರೀಕ್ಷೆ ಹತ್ತಿರ ಬಂದಾಗ ಓಡುವುದು ಬೇಡ. ಅವಳ ನಾಲ್ಕೈದು ಉತ್ತರ ಪತ್ರಿಕೆಗಳ ಪ್ರತಿ, ಕ್ಲಾಸಿನಲ್ಲಿ ನೀವು ಕಂಡದ್ದರ ಬಗ್ಗೆ ಒಂದು ಪುಟದ ಪತ್ರ ಕೊಟ್ಟು ಕಳಿಸಿ. ಪರೀಕ್ಷಿಸುವವರಿಗೆ ಅದರಿಂದ ತುಂಬ ಅನುಕೂಲ, ಯಾಕೆಂದರೆ ಬಳಸುವ ನಿಮ್ಹಾನ್ಸ್ ಪರೀಕ್ಷೆಯನ್ನು ಮೂಲತಃ ಶಾಲಾ ಮಕ್ಕಳಿಗೆ ರೂಪಿಸಿದ್ದು. ಹತ್ತೊಂಬತ್ತು ವರ್ಷದ, ಹೇಗೋ ದಾರಿ ಕಂಡುಕೊಂಡ ಹುಡುಗಿ ಅದರಲ್ಲಿ ‘ಅಷ್ಟೇನೂ ಇಲ್ಲ’ ಅನ್ನಿಸಿಕೊಳ್ಳಬಹುದು. 40%ಗಿಂತ ಕಮ್ಮಿ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಬರೆಯಲು ಕಷ್ಟ ಇದೆ ಅಂತ ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಅಂಥವರಿಗೂ ಸೌಲಭ್ಯ ಕೊಡಬೇಕು ಅಂತ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಕಾರಣವಾದದ್ದು 2021ರ ಫೆಬ್ರವರಿಯ ವಿಕಾಸ್ ಕುಮಾರ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು.

ಹೆಚ್ಚಿನ ಸಮಯ ಅಂದರೆ ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇಲ್ಲದಂತೆ. ಮೂರು ಗಂಟೆಯ ಪೇಪರ್‌ಗೆ ಒಂದು ಗಂಟೆ. ಬರೆಯುವ ಸಹಾಯಕರನ್ನು ಕೂಡಲೇ ಕೇಳಬೇಡಿ. ಬೇರೆಯವರಿಗೆ ಹೇಳಿ ಬರೆಸುವುದೇ ಒಂದು ವಿದ್ಯೆ. ಅಭ್ಯಾಸ ಇಲ್ಲದೆ ಹೋದರೆ ‘ಅದೇ, ಅದೂ, ಅಂದ್ರೆ’ ಅನ್ನುವುದರಲ್ಲೇ ಸಮಯ ಹೋಗುತ್ತದೆ. ಕೆಲವರಿಗೆ ಪ್ರಶ್ನೆ ಓದಿ ಹೇಳುವವರು ಮತ್ತು ಹೆಚ್ಚಿನ ಸಮಯ, ಎರಡೇ ಸಾಕು. ಇಂಟರ್ನಲ್‌ನಲ್ಲಿ ಎರಡೂ ಥರ ಮಾಡಿ ನೋಡಿ, ಯಾವುದರಲ್ಲಿ ಚೆನ್ನಾಗಿ ಬಂತೋ ಅದನ್ನು ಕೇಳಿ. ಸಹಾಯಕರು ಯಾರಿರಬೇಕು, ಏನು ಓದಿರಬೇಕು ಅನ್ನುವ ನಿಯಮ ಆಗಾಗ ಬದಲಾಗುತ್ತದೆ. ವಿಶ್ವವಿದ್ಯಾಲಯದ ಈ ವರ್ಷದ ಸುತ್ತೋಲೆಯನ್ನೇ ನೋಡಿ. ಮಂಜೂರಾತಿ ಪತ್ರವನ್ನು ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಮೊದಲೇ ತಲುಪಿಸಿ, ಒಂದು ಪ್ರತಿ ಅವಳ ಕೈಯಲ್ಲಿರಲಿ. 2021ರಲ್ಲಿ ನೀಟ್ ಬರೆದ, ಡಿಸ್ಗ್ರಾಫಿಯಾ (ಬರೆಯುವುದೇ ಕಷ್ಟವಾಗುವ ನ್ಯೂನತೆ) ಇದ್ದ ವಿದ್ಯಾರ್ಥಿನಿಗೆ ನ್ಯಾಯವಾಗಿ ಸಿಗಬೇಕಿದ್ದ ಒಂದು ಗಂಟೆಯನ್ನು ಕೇಂದ್ರದವರು ಕೊಡಲಿಲ್ಲ. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿತು, ಮರುಪರೀಕ್ಷೆ ಮಾತ್ರ ಸಿಗಲಿಲ್ಲ.

ಈಗ ನಿಮ್ಮ ನ್ಯಾಯ-ಅನ್ಯಾಯದ ಪ್ರಶ್ನೆ. ಸಮಯ ಜಾಸ್ತಿ ಕೊಟ್ಟರೆ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ ಅಲ್ವಾ ಅಂತ ನಿಮ್ಮ ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹಾಗೆ ಎಲ್ಲರಿಗೂ ಸಮಯ ಸಾಲದಿದ್ದರೆ ಆ ಪ್ರಶ್ನೆಪತ್ರಿಕೆ ಇತಿಹಾಸದ ತಿಳಿವಳಿಕೆ ಅಳೆಯುತ್ತಿಲ್ಲ, ಕೈ ಓಡುವ ವೇಗ ಅಳೆಯುತ್ತಿದೆ. ಪತ್ರಿಕೆಯನ್ನೇ ತಿದ್ದಿ. ಪತ್ರಿಕೆ ಸರಿಯಾಗಿದ್ದರೆ ಸಾಮಾನ್ಯ ವಿದ್ಯಾರ್ಥಿ ಸಮಯಕ್ಕೆ ಮುಗಿಸಿರುತ್ತಾನೆ, ಇನ್ನೊಂದು ಗಂಟೆ ಕೊಟ್ಟರೂ ಅವನಿಗೆ ಬರೆಯಲು ಹೆಚ್ಚೇನೂ ಇರುವುದಿಲ್ಲ. ಇವಳಿಗೆ ಆ ಗಂಟೆ ಪ್ರಶ್ನೆ ಓದುವುದಕ್ಕೇ ಅರ್ಧ ಹೋಗುತ್ತದೆ.

ಅವಳ ಮನೆಯವರಿಗೆ ಯಾರಾದರೂ ಏನಾದರೂ ಮಾರಲು ಬರಬಹುದು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಇವುಗಳಿಗೆ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರು ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಡಿಸ್ಲೆಕ್ಸಿಯಾಕ್ಕೇ ಅಂತ ಮಾಡಿದ ಫಾಂಟುಗಳಿಂದಲೂ ಓದು ಅಂಥಾ ಸುಧಾರಿಸುವುದಿಲ್ಲ. ಅಕ್ಷರ ಸ್ವಲ್ಪ ದೊಡ್ಡದು, ಸಾಲುಗಳ ಮಧ್ಯೆ ಜಾಗ ಜಾಸ್ತಿ ಇದ್ದರೆ ಅನುಕೂಲ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ‘ಮೂರು ತಿಂಗಳಲ್ಲಿ ಗುಣ’ ಅನ್ನುವ ಜಾಹೀರಾತು ಕಂಡರೆ ಮುಂದೆ ನಡೆಯಲು ಹೇಳಿ.

ಕೊನೆಗೆ, ಮನೆಗೆ ಫೋನ್ ಮಾಡಿ ಅಪ್ಪ-ಅಮ್ಮನಿಗೆ ತಿಳಿಸುವುದೋ ಬೇಡವೋ ಅನ್ನುವುದನ್ನು ಅವಳನ್ನೇ ಕೇಳಿ. ಅವಳಿಗೆ ಹದಿನೆಂಟು ದಾಟಿದೆ. ಪ್ರಿನ್ಸಿಪಾಲರಿಗೆ, ಕಾಲೇಜಿನ ಸಮಾನ ಅವಕಾಶ ಕೋಶಕ್ಕೆ ಹೇಳುವುದಾದರೂ ಅವಳ ಒಪ್ಪಿಗೆ ಬೇಕು. ಪ್ರಮಾಣಪತ್ರದಲ್ಲಿ ‘ಅಂಗವೈಕಲ್ಯ’ ಅಂತ ಬರುತ್ತದೆ, ಮದುವೆಗೆ ತೊಂದರೆ ಆಗುತ್ತದೆ ಅಂತ ಹೆಣ್ಣುಮಕ್ಕಳ ಮನೆಯವರು ಹಿಂದೆಗೆಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸರ್ಕಾರಿ ನೌಕರಿಯ 4% ಮೀಸಲಾತಿಯಲ್ಲಿ ಕಲಿಕಾ ನ್ಯೂನತೆ ಸೇರಿರುವ ಗುಂಪಿಗೆ 1% ಇದೆ ಅನ್ನುವುದನ್ನೂ, ಆ ಪ್ರಮಾಣಪತ್ರವನ್ನು ತಾನಾಗಿ ತೋರಿಸದೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದನ್ನೂ ಅವಳಿಗೆ ತಿಳಿಸಿ. ಆಮೇಲೂ ಅವಳು ಬೇಡ ಅಂದರೆ ಒತ್ತಾಯ ಮಾಡಬೇಡಿ. ಯೂನಿಕೋಡ್ ನೋಟ್ಸ್, ರೆಕಾರ್ಡಿಂಗ್, ಮೌಖಿಕ ಇಂಟರ್ನಲ್ ಇವಕ್ಕೆಲ್ಲ ಯಾವ ಪ್ರಮಾಣಪತ್ರವೂ ಬೇಕಿಲ್ಲ.